‘ಚೋಮನ ದುಡಿ’ಯಲ್ಲಿ ಸಾಲದ ಲೆಕ್ಕ

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಹೊರಬಂದ ಕಾದಂಬರಿ. ಗಾತ್ರದಲ್ಲಿ ಚಿಕ್ಕದು, ಎರಡು ಮೂರು ಸಂಜೆಗಳಲ್ಲಿ ಮುಗಿಯುತ್ತದೆ. ನಮ್ಮ ವಾಚನಾಲಯದಿಂದ ಇದನ್ನು ಒಯ್ದವರು ಹಿಂದಿರುಗಿಸುವಾಗ ಬಹುಮಟ್ಟಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: “ಚೋಮ ಎತ್ತು ಮಾರಿ ಸಾಲ ತೀರಿಸಬಾರದಾಗಿತ್ತೆ?”

ಮೊದಲು ಒಂದು ಮಾತು. ಬಯಲುಸೀಮೆಯ ಮಿತ್ರರು ‘ದುಡಿ’ ಎಂದರೆ ದುಡಿಮೆ ಎಂದು ತಿಳಿಯುವುದುಂಟು. ಅದು ದಕ್ಷಿಣ ಕನ್ನಡದ ಕಡೆಯ ಒಂದು ಚರ್ಮವಾದ್ಯ. ಸುಖವಾಗಲಿ ದುಃಖವಾಗಲಿ, ಚೋಮ ಅದನ್ನೇ ಬಾರಿಸುತ್ತಾನೆ.

ಈಗ ಪ್ರಶ್ನೆಗೆ ಬರೋಣ. ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಅದು ಸಹಜವೇ. ಕಾಫಿ ತೋಟದವರಿಗೆ ಕೊಡಬೇಕಾದ ಸಾಲ ಕೆಲವೇ ರೂಪಾಯಿ; ಕೊಟ್ಟಿಗೆಯಲ್ಲಿ ಎರಡು ಎತ್ತು. ಮಾರಿದರೆ ಖಾತೆ ಚುಕ್ತಾ. ಆದರೆ ಚೋಮ ಅಸ್ಪೃಶ್ಯನೆನಿಸಿದ ಜೀತದಾಳು. ಅವನಿಗೆ ಬೇಸಾಯದ ಹಕ್ಕೇ ಇಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ಕೊಂಚ ಕರಗಿದರೂ ಅವನ ತಾಯಿ ಒಪ್ಪುವುದಿಲ್ಲ. ಮತ ಬದಲಿಸಿದರೆ ನೆಲ ಸಿಕ್ಕೀತೆಂದು ಹೊರಟ ಚೋಮ ತಾನಾಗಿಯೇ ದಾರಿಯಿಂದ ಹಿಂದಿರುಗುತ್ತಾನೆ. ಹೀಗಿರುವಾಗ ತಾನೂ ಒಬ್ಬ ರೈತನಾಗಬಲ್ಲೆನೆಂಬುದಕ್ಕೆ ಅವನ ಬಳಿ ಇರುವ ಸಾಕ್ಷಿ ಆ ಎರಡು ಎತ್ತುಗಳೇ. ಮಾರಿದರೆ ಸಾಲ ತೀರುತ್ತದೆ, ಆಸೆಯೂ ತೀರುತ್ತದೆ.

ಇಷ್ಟರಮಟ್ಟಿಗೆ ನಾವು ಚೋಮನ ಪಕ್ಷ. ಮುಂದಕ್ಕೆ ಅಲ್ಲ.

ಸಾಲ ತೀರಿಸಲು ಇಬ್ಬರು ಗಂಡುಮಕ್ಕಳು ತೋಟಕ್ಕೆ ಹೋಗುತ್ತಾರೆ. ಒಬ್ಬ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಕೂಡಿ ದೂರವಾಗುತ್ತಾನೆ. ಆಮೇಲೆ ಮಗಳು ಬೆಳ್ಳಿ ಹೋಗುತ್ತಾಳೆ. ಅವಳು ಹಿಂದಿರುಗುವಾಗ ಸಾಲ ವಜಾ ಆಗಿದೆ! ಯಾವ ಬೆಲೆಗೆ ಎಂಬುದು ಓದುಗನಿಗೆ ಗೊತ್ತು, ಬೆಳ್ಳಿಗೆ ಗೊತ್ತು. ತೋಟದ ಪುಸ್ತಕದಲ್ಲಿ ಮಾತ್ರ ಅದು ಇರಲಾರದು. ಅಲ್ಲಿ ಒಂದು ಅಡ್ಡಗೆರೆ, ಅಷ್ಟೆ.

ಆ ತೋಟದ ಮನ್ವೇಲ ಯಾರು? ಮಾಲೀಕನಲ್ಲ, ಅವನ ರೈಟರು. ನಮ್ಮ ಹಾಗೆ ಲೇಖಣಿ ಹಿಡಿದವನು. ಕಾದಂಬರಿ ಓದುವಾಗ ನಾವೆಲ್ಲ ಚೋಮನ ಗುಡಿಸಲಲ್ಲಿ ಕುಳಿತು ಕಣ್ಣೀರಿಡುತ್ತೇವೆ; ಮನ್ವೇಲನ ಮೇಜಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಹಾಜರಿ ಹಾಕುವವರು, ಮುಂಗಡ ಬರೆದುಕೊಳ್ಳುವವರು, ಸಂಬಳದಲ್ಲಿ ಮುರಿದುಕೊಳ್ಳುವವರು ಆ ಭಾಗವನ್ನು ಇನ್ನೊಮ್ಮೆ ಓದಬೇಕೆಂದು ನಮ್ಮ ಆಗ್ರಹ.

ಬೆಳ್ಳಿಯನ್ನು ಮನ್ವೇಲನ ಜೊತೆಯಲ್ಲಿ ಕಂಡ ದಿನ ಚೋಮ ಅವಳನ್ನೇ ಹೊಡೆದು ಹೊರಗಟ್ಟುತ್ತಾನೆ. ಅಪ್ಪನ ಋಣ ಹರಿದವಳು ಅವಳು! ಮಕ್ಕಳನ್ನು ಕಳೆದುಕೊಂಡ ಹಿರಿಯ ಜೀವ, ನಿಜ. ಕಿರಿಯ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಬಾರದವನೆಂದು ಯಾರೂ ಕೈಕೊಡದೆ ನಿಂತಿದ್ದನ್ನು ಕಂಡ ತಂದೆ. ಕೊನೆಗೆ ಎತ್ತುಗಳನ್ನು ಬಿಟ್ಟು, ಬಾಗಿಲು ಹಾಕಿಕೊಂಡು, ದುಡಿ ಬಾರಿಸುತ್ತಲೇ ಸಾಯುತ್ತಾನೆ. 1975ರಲ್ಲಿ ಬಿ. ವಿ. ಕಾರಂತರು ತೆಗೆದ ಚಿತ್ರವನ್ನು ನೋಡಿದವರು ಆ ದುಡಿಯ ಸದ್ದನ್ನೇ ನೆನೆಯುತ್ತಾರೆ. ನಮಗಾದರೋ ಹೊರಗೆ ಹೋದ ಬೆಳ್ಳಿ ಎಲ್ಲಿಗೆ ಹೋದಳು ಎಂಬ ಯೋಚನೆಯೇ ಹೆಚ್ಚು.

ಕೆಲವು ತರುಣ ಮಿತ್ರರು ಇದು ಮುಗಿದ ಕಾಲದ ಕಥೆ ಎನ್ನುತ್ತಾರೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1976ರ ಕಾಯಿದೆ ಜೀತವನ್ನು ನಿಷೇಧಿಸಿತು. ಒಪ್ಪಿದೆವು. ಆದರೆ ಮೇಸ್ತ್ರಿಯಿಂದ ಮುಂಗಡ ಪಡೆದು, ಹೆಂಡತಿ ಮಕ್ಕಳೊಡನೆ ಊರುಬಿಟ್ಟು ಬಂದು, ಕಟ್ಟಡಗಳ ಬುಡದಲ್ಲಿ ತಗಡಿನ ಜೋಪಡಿ ಹಾಕಿಕೊಂಡವರನ್ನು ಕೇಳಿ ನೋಡಿ. ತಮ್ಮ ಲೆಕ್ಕ ಎಷ್ಟಿದೆಯೆಂದು ಹೇಳಬಲ್ಲವರು ಎಷ್ಟು ಮಂದಿ?

ಎರಡನೆಯ ಸಲ ಓದುವವರು ಬೆಳ್ಳಿ ಬರುವ ಜಾಗಗಳನ್ನಷ್ಟೇ ಗುರುತು ಮಾಡಿಕೊಂಡು ಓದಿರಿ. ಗುರುತು ಬೇರೆ ಕಾಗದದ ಮೇಲಿರಲಿ. ವಾಚನಾಲಯದ ಪ್ರತಿಯಲ್ಲಿ ಪೆನ್ಸಿಲ್ ಆಡಿಸಬೇಡಿ.