ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ಮಾಡಬೇಕಾದ್ದು, ಮಾಡಬಾರದ್ದು

ಕೌಲ್ ಬಜಾರ್‌ನ ನಿವಾಸಿಗಳಿಗೆ, ಸಿರುಗುಪ್ಪ ಮತ್ತು ಕುರುಗೋಡು ಕಡೆಯಿಂದ ಬಳ್ಳಾರಿಗೆ ಬಂದು ಚಿಕಿತ್ಸೆ ಪಡೆದು ಊರಿಗೆ ಮರಳುವವರಿಗೆ ಈ ಸೂಚನೆ. ಕೊರೊನಾ ಇರಲಿ, ಎಚ್1ಎನ್1 ಇರಲಿ, ಜ್ವರ ಶ್ವಾಸಕೋಶಕ್ಕೆ ಇಳಿದು, ಆಕ್ಸಿಜನ್ ಹಾಕಿಸಿಕೊಂಡು, ಸ್ಟಿರಾಯ್ಡ್ ತೆಗೆದುಕೊಂಡು ಬದುಕಿ ಬಂದವರು ಮನೆಯಲ್ಲಿದ್ದರೆ ಇದನ್ನು ಪೂರ್ತಿ ಓದಿ. ನಮ್ಮ ಓಣಿಗಳಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ನಡೆಯುತ್ತವೆ. ಓದಲು ಬಾರದ ಹಿರಿಯರಿಗೆ ಅವರ ಮಾತಿನಲ್ಲೇ ಹೇಳಿ.

2021ರ ಬೇಸಿಗೆಯನ್ನು ಮರೆಯುವ ಹಾಗಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಕ್ಸಿಜನ್ ಟ್ಯಾಂಕರ್‌ಗಳು ಹಗಲೂ ರಾತ್ರಿ ಹೊರಟವು, ಅಲ್ಲೇ ತಾತ್ಕಾಲಿಕ ಆಸ್ಪತ್ರೆಯೂ ಎದ್ದಿತು. ಆಕ್ಸಿಜನ್ ಸಿಕ್ಕು ಉಳಿದುಕೊಂಡವರಲ್ಲೇ ಕೆಲವರು ಎರಡು ಮೂರು ವಾರದಲ್ಲಿ ಮುಖ ಊದಿ, ಕಣ್ಣು ಮುಚ್ಚಿಹೋಗಿ ಮತ್ತೆ ಆಸ್ಪತ್ರೆಗೆ ಬಂದರು. ಮ್ಯೂಕಾರ್‌ಮೈಕೋಸಿಸ್, ಅಂದರೆ ಬ್ಲ್ಯಾಕ್ ಫಂಗಸ್. ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿ ಎಂದು ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಿತು. ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿತ್ತು, 4,300ಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಕಣ್ಣು, ಮೇಲ್ದವಡೆ ಕಳೆದುಕೊಂಡು ಬದುಕಿದವರು ಬೇರೆ.

ಈ ಬೂಷ್ಟು ಹೊರಗಿನಿಂದ ಬಂದದ್ದಲ್ಲ. ಮಣ್ಣಲ್ಲಿದೆ, ತಿಪ್ಪೆಯಲ್ಲಿದೆ, ನೆನೆದ ಹುಲ್ಲಿನ ಬಣವೆಯಲ್ಲಿದೆ, ಹಳಸಿದ ಬ್ರೆಡ್ಡಿನ ಮೇಲಿದೆ. ಅದರ ಕಣಗಳನ್ನು ನಾವೆಲ್ಲ ದಿನಾ ಉಸಿರಾಡುತ್ತೇವೆ, ಗಟ್ಟಿ ಮೈಗೆ ಏನೂ ಆಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರಿ, ಸ್ಟಿರಾಯ್ಡ್‌ನಿಂದ ದೇಹದ ಕಾವಲು ಕುಗ್ಗಿದಾಗ ಅದೇ ಕಣ ಮೂಗಿನ ಪಕ್ಕದ ಸೈನಸ್‌ನಲ್ಲಿ ಬೇರುಬಿಟ್ಟು ರಕ್ತನಾಳಗಳೊಳಗೆ ನುಗ್ಗುತ್ತದೆ. ರಕ್ತ ನಿಂತ ಕಡೆ ಮಾಂಸ ಸಾಯುತ್ತದೆ. ಕಪ್ಪಗೆ ಕಾಣುವುದು ಆ ಸತ್ತ ಮಾಂಸ. ಹಾಗಾಗಿ ಕಪ್ಪು ಕಾಣಲಿ, ಆಮೇಲೆ ಹೋದರಾಯಿತು ಎಂದು ಕಾಯುವುದೇ ದೊಡ್ಡ ಅಪಾಯ.

ಮಾಡಬಾರದ್ದು

ಹಳೇ ಚೀಟಿ ತೋರಿಸಿ ಸ್ಟಿರಾಯ್ಡ್ ಮಾತ್ರೆ ತರಬೇಡಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಮೀಥೈಲ್ ಪ್ರೆಡ್ನಿಸೋಲೋನ್, ಈ ಮೂರು ಹೆಸರನ್ನು ಗುರುತಿಟ್ಟುಕೊಳ್ಳಿ. ಮಾತ್ರೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಶಾಲೆಗೆ ಹೋಗುವ ಮಕ್ಕಳ ಕೈಲಿ ಓದಿಸಿ. ಇವು ಕೆಟ್ಟ ಔಷಧವಲ್ಲ. ಆಕ್ಸಿಜನ್ ಬೇಕಾದ ಕೊರೊನಾ ರೋಗಿಗಳ ಜೀವ ಉಳಿಸುತ್ತವೆ ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಹೆಚ್ಚೆಂದರೆ 10 ದಿನ. ಆಕ್ಸಿಜನ್ ಬೇಕಿಲ್ಲದವರಿಗೆ ಲಾಭವಿಲ್ಲ ಎಂಬುದನ್ನೂ ಅದೇ ಪ್ರಯೋಗ ಹೇಳಿತ್ತು. ಆ ಎರಡನೇ ಮಾತು ನಮ್ಮ ಊರುಗಳಿಗೆ ತಲುಪಲೇ ಇಲ್ಲ. ಸಣ್ಣ ಜ್ವರಕ್ಕೂ, ಮೈಕೈ ನೋವಿಗೂ ಜನ ಈ ಮಾತ್ರೆ ನುಂಗಿದರು. ಅದು ತಂದ ಸಂಕಟ ನೋಡಿದವರಿಗೆ ಈ ಸಾಲನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು.

ಹಾಗೆಂದು ಡಾಕ್ಟರು ಬರೆದ ಸ್ಟಿರಾಯ್ಡನ್ನು ಹೆದರಿ ಏಕಾಏಕಿ ನಿಲ್ಲಿಸಬೇಡಿ. ವಾರಗಟ್ಟಲೆ ತೆಗೆದುಕೊಂಡಿದ್ದರೆ ಹಂತಹಂತವಾಗಿ ಇಳಿಸಬೇಕು, ಅದನ್ನು ಅವರೇ ಹೇಳಬೇಕು.

ಸುಸ್ತು ಎಂದು ಗ್ಲೂಕೋಸ್ ಬಾಟಲಿ ಹಾಕಿಸಬೇಡಿ. ಕಾಯಿಲೆ ಬಿದ್ದವರಿಗೆ ಶಕ್ತಿ ಬರಲೆಂದು ಗ್ಲೂಕೋಸ್ ಪುಡಿ, ಹಣ್ಣಿನ ರಸ, ಬ್ರೆಡ್ಡು ಕೊಡುವುದು ಪ್ರೀತಿಯಿಂದಲೇ. ಸಕ್ಕರೆ ಏರಿದ ಮೈಗೆ ಅದೇ ವಿಷ. ನೋಡಲು ಬರುವ ನೆಂಟರಿಗೂ ಹೇಳಿಬಿಡಿ: ಮೊಟ್ಟೆ ತನ್ನಿ, ಬೇಳೆ ತನ್ನಿ, ಸೊಪ್ಪು ತನ್ನಿ.

ವಾಟ್ಸ್ಆ್ಯಪ್ ಔಷಧಿ ಮಾಡಬೇಡಿ. ಸ್ಫಟಿಕ, ಅರಿಶಿನ, ಸೈಂಧವ ಲವಣ, ಸಾಸಿವೆ ಎಣ್ಣೆ ಕಲಸಿ ಹಚ್ಚಿದರೆ ಬ್ಲ್ಯಾಕ್ ಫಂಗಸ್ ಹೋಗುತ್ತದೆ ಎಂಬ ಸುದ್ದಿ ಆಗ ಮನೆಮನೆಗೆ ಹರಿದಿತ್ತು. ಮೂಳೆಯೊಳಗೆ ಇಳಿದ ಬೂಷ್ಟನ್ನು ಅದು ಮುಟ್ಟುವುದೂ ಇಲ್ಲ, ಕೈಲಿದ್ದ ನಾಲ್ಕು ದಿನ ಕಳೆದುಹೋಗುತ್ತದೆ. ಮೇಲಿಂದ ಮೇಲೆ ಬಿಸಿ ಹಬೆ ತೆಗೆದುಕೊಂಡರೂ ಬೂಷ್ಟು ಸಾಯುವುದಿಲ್ಲ, ಮೂಗಿನ ಒಳಪದರ ಸುಡುತ್ತದೆ ಅಷ್ಟೇ. ಈರುಳ್ಳಿ ಸಿಪ್ಪೆಯ ಕಪ್ಪು ಪುಡಿಗೆ ಹೆದರಬೇಕಿಲ್ಲ, ಅದು ಬೇರೆ ಜಾತಿ. ತೊಳೆದು ಬಳಸಿ.

ರೋಗಿಯನ್ನು ದೂರ ಇಡಬೇಡಿ. ಬ್ಲ್ಯಾಕ್ ಫಂಗಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತಟ್ಟೆ ಬೇರೆ, ಕೋಣೆ ಬೇರೆ ಮಾಡುವ ಕಾರಣವೇ ಇಲ್ಲ.

ಮಾಡಬೇಕಾದ್ದು

ಸಕ್ಕರೆ ನೋಡಿ. ಮೊದಲು ಶುಗರ್ ಇಲ್ಲದಿದ್ದವರೂ ನೋಡಿಸಲೇಬೇಕು. ತಮಗೆ ಶುಗರ್ ಇದೆ ಎಂಬುದು ಈ ಬೂಷ್ಟಿಗಾಗಿ ಆಸ್ಪತ್ರೆ ಸೇರಿದ ಮೇಲೆಯೇ ಎಷ್ಟೋ ಜನರಿಗೆ ಗೊತ್ತಾಗಿದ್ದು. ಖಾಲಿ ಹೊಟ್ಟೆಯ ಲೆಕ್ಕ ಒಂದನ್ನೇ ನಂಬಬೇಡಿ. ಬೆಳಿಗ್ಗೆ ನುಂಗಿದ ಸ್ಟಿರಾಯ್ಡ್ ಮಧ್ಯಾಹ್ನದಿಂದ ಸಂಜೆಯವರೆಗೆ ಸಕ್ಕರೆಯನ್ನು ಮೇಲಕ್ಕೆಳೆಯುತ್ತದೆ, ಮರುದಿನ ಬೆಳಿಗ್ಗೆ ಅಷ್ಟು ಇಷ್ಟು ಸರಿಯಾಗಿ ಕಾಣುತ್ತದೆ. ಆದ್ದರಿಂದ ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಕಳೆದ ಮೇಲೆ ಒಮ್ಮೆ, ರಾತ್ರಿ ಊಟಕ್ಕೆ ಮೊದಲು ಒಮ್ಮೆ ನೋಡಿ. ಬೆರಳನ್ನು ಸೋಪು ಹಾಕಿ ತೊಳೆದು ಒರೆಸಿ ಚುಚ್ಚಿ. ಬಾಳೆಹಣ್ಣು ಸುಲಿದ ಕೈಲಿ ಚುಚ್ಚಿದರೆ ಯಂತ್ರ ತಪ್ಪು ಲೆಕ್ಕ ಕೊಡುತ್ತದೆ. ಬಂದ ಅಂಕಿಯನ್ನು ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೆಯಿರಿ. ಊಟದ ನಂತರ 180ರೊಳಗೆ ಇರಬೇಕು. ಮತ್ತೆ ಮತ್ತೆ 200 ದಾಟಿದರೆ ಡಾಕ್ಟರಿಗೆ ತೋರಿಸಿ. ಅಂಕಿ ಏರಿದ್ದು, ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಸಕ್ಕರೆ ಕೆಟ್ಟು ರಕ್ತ ಆಮ್ಲವಾದಾಗ ಈ ಬೂಷ್ಟಿಗೆ ಬೇಕಾದ ಕಬ್ಬಿಣವೂ ರಕ್ತದಲ್ಲಿ ಬಿಡಿಯಾಗಿ ಸಿಗುತ್ತದೆ. ಅದಕ್ಕಿಂತ ಒಳ್ಳೆಯ ಗೊಬ್ಬರ ಅದಕ್ಕೆ ಬೇಡ.

ಮುಖ ನೋಡಿ. ದಿನಾ ಬೆಳಿಗ್ಗೆ, ಬಾಗಿಲ ಬೆಳಕಿನಲ್ಲಿ. ಒಂದೇ ಕಡೆ ಕೆನ್ನೆ ನೋವು, ಮರಗಟ್ಟುವುದು, ಊತ. ಒಂದೇ ಹೊಳ್ಳೆ ಕಟ್ಟಿ ರಕ್ತ ಬೆರೆತ ಅಥವಾ ಕಪ್ಪು ಸಿಂಬಳ. ಒಂದು ಕಡೆಯ ರೆಪ್ಪೆ ಜೋಲುವುದು, ಕಣ್ಣು ಕೆಂಪಾಗಿ ಮುಂದಕ್ಕೆ ಬರುವುದು. ಒಂದೊಂದೇ ಕಣ್ಣು ಮುಚ್ಚಿಸಿ ಕ್ಯಾಲೆಂಡರ್ ಓದಿಸಿ, ಮಬ್ಬಾಗಿದೆಯೇ ಕೇಳಿ. ಎರಡೂ ಕಣ್ಣು ತೆರೆದಾಗ ಒಂದು ವಸ್ತು ಎರಡಾಗಿ ಕಂಡರೆ ಅದೂ ಲಕ್ಷಣವೇ. ಬಾಯಿ ತೆರೆಸಿ ಮೊಬೈಲ್ ಟಾರ್ಚ್ ಹಿಡಿದು ಅಂಗುಳ ನೋಡಿ: ಬಿಳಿಚಿದ, ಬೂದು, ಕಪ್ಪು ಮಚ್ಚೆ ಇದೆಯೇ? ನಿನ್ನೆ ಗಟ್ಟಿಯಿದ್ದ ಹಲ್ಲು ಇಂದು ಅಲ್ಲಾಡುತ್ತಿದೆಯೇ? ಹಾಗಿದ್ದರೆ ಹಲ್ಲು ಕೀಳಿಸಿಕೊಂಡು ಸುಮ್ಮನಾಗಬೇಡಿ, ಕೊರೊನಾ ಆಗಿತ್ತು, ಸ್ಟಿರಾಯ್ಡ್ ತೆಗೆದುಕೊಂಡಿದ್ದೆ ಎಂದು ದಂತವೈದ್ಯರಿಗೆ ಬಾಯಿಬಿಟ್ಟು ಹೇಳಿ.

ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೊರಡಿ. ಕೌಲ್ ಬಜಾರ್‌ನವರಿಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ವಿಮ್ಸ್) ದೂರವಿಲ್ಲ. ಸಿರುಗುಪ್ಪ, ಕುರುಗೋಡಿನವರು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ರೆಫರ್ ಮಾಡಿಸಿಕೊಂಡು ಬನ್ನಿ. ಕಣ್ಣಿಗೆ ಬಂದಿದ್ದರೆ ನೇರವಾಗಿ ಬನ್ನಿ. ಸಂತೆಯಾಗಲಿ, ಭತ್ತದ ಕೊಯ್ಲು ಮುಗಿಯಲಿ, ಜೀನ್ಸ್ ಹೊಲಿಗೆಯ ಆರ್ಡರ್ ಮುಗಿಸಿಕೊಡೋಣ ಎನ್ನಬೇಡಿ, ಈ ಕಾಯಿಲೆ ದಿನದಿಂದ ದಿನಕ್ಕೆ ಮುಂದಕ್ಕೆ ಹೋಗುತ್ತದೆ. ಡಿಸ್ಚಾರ್ಜ್ ಚೀಟಿ, ನುಂಗಿದ ಎಲ್ಲ ಮಾತ್ರೆಯ ಪಟ್ಟಿಗಳು, ಸಕ್ಕರೆ ಬರೆದ ಕ್ಯಾಲೆಂಡರ್ ಹಾಳೆ, ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ. ಕಿವಿ ಮೂಗು ಗಂಟಲು ವಿಭಾಗದಲ್ಲಿ ಮೂಗಿನೊಳಗೆ ಕೊಳವೆ ಹಾಕಿ ನೋಡಿ ಚೂರು ಮಾಂಸ ತೆಗೆದು ಪರೀಕ್ಷಿಸುತ್ತಾರೆ. ಒಪ್ಪಿಕೊಳ್ಳಿ. ಸ್ಕ್ಯಾನ್ ಮಾಡಿಸಿ.

ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ಸತ್ತ ಮಾಂಸವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬೇಕು, ಆಂಫೋಟೆರಿಸಿನ್ ಬಿ ಡ್ರಿಪ್ ವಾರಗಟ್ಟಲೆ ನಡೆಯಬೇಕು. ಆ ಔಷಧಕ್ಕೆ ನಡುಕ, ಚಳಿಜ್ವರ ಬರಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು, ಪೊಟ್ಯಾಸಿಯಂ ಇಳಿಯಬಹುದು. ಅದಕ್ಕೇ ಪದೇ ಪದೇ ರಕ್ತ ತೆಗೆಯುತ್ತಾರೆ. ಲೈಪೋಸೋಮಲ್ ಎಂಬ ಬಗೆ ಕಿಡ್ನಿಗೆ ಅಷ್ಟು ಭಾರವಲ್ಲ. ಮನೆಗೆ ಬಂದ ಮೇಲೆ ಪೊಸಕೊನಜೋಲ್ ಮಾತ್ರೆ ಬರೆದುಕೊಟ್ಟರೆ ಊಟದ ಜೊತೆ ನುಂಗಿ, ಕೊಲೆಸ್ಟ್ರಾಲ್ ಮಾತ್ರೆ ನಡೆಯುತ್ತಿದ್ದರೆ ಮೊದಲೇ ತಿಳಿಸಿ, ಕೆಲವು ಅದರ ಜೊತೆ ಕೂಡಿಬರುವುದಿಲ್ಲ. ನೋವು ಹೋಯಿತೆಂದು ಮಾತ್ರೆ ನಿಲ್ಲಿಸಿದವರಿಗೆ ಬೂಷ್ಟು ಮತ್ತೆ ಮೇಲೇಳುತ್ತದೆ.

ಉಳಿದದ್ದು ಚಿಕ್ಕದು. ಬಟ್ಟೆ ಮಾಸ್ಕನ್ನು ದಿನಾ ಒಗೆದು ಬಿಸಿಲಿಗೆ ಹಾಕಿ. ಮನೆಯಲ್ಲಿ ಆಕ್ಸಿಜನ್ ಯಂತ್ರ ಇದ್ದರೆ ಅದರ ಬಾಟಲಿಗೆ ನಲ್ಲಿ ನೀರು ಹಾಕಬೇಡಿ, ಡಿಸ್ಟಿಲ್ಡ್ ನೀರನ್ನೇ ಹಾಕಿ ದಿನಾ ಬದಲಿಸಿ. ಚೇತರಿಸಿಕೊಳ್ಳುವ ತನಕ ತಿಪ್ಪೆ ತೋಡುವ, ಬಣವೆ ಕೀಳುವ, ಮನೆ ಕೆಡವುವ ಕೆಲಸ ಬೇರೆಯವರು ಮಾಡಲಿ.

ಕೆಮ್ಮು ಕಡಿಮೆಯಾಗಿ ಮತ್ತೆ ಜ್ವರ, ರಕ್ತದ ಕಫ ಬಂದರೆ ಟಿಬಿ ಪರೀಕ್ಷೆ ಜೊತೆಗೆ ಆಸ್ಪರ್ಜಿಲಸ್ ಎಂಬ ಇನ್ನೊಂದು ಬೂಷ್ಟಿನ ಬಗ್ಗೆಯೂ ಡಾಕ್ಟರನ್ನು ಕೇಳಿ. ತೀವ್ರ ಫ್ಲೂ ಆಗಿ ಐಸಿಯುನಲ್ಲಿದ್ದವರಿಗೆ ಅದು ಶ್ವಾಸಕೋಶಕ್ಕೆ ಬರುವುದುಂಟು. ನಾಲಿಗೆ ಮೇಲೆ ಮೊಸರು ಕಟ್ಟಿದಂತೆ ಬಿಳಿ ಪದರ ಕಂಡರೆ ಅದು ಹೆಚ್ಚಾಗಿ ಕ್ಯಾಂಡಿಡಾ. ಬೇಗ ವಾಸಿಯಾಗುತ್ತದೆ, ಆದರೆ ಸಕ್ಕರೆ ನೋಡಿಸಿ. ಅನುಮಾನವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕೇಳಬಹುದು. ಕಣ್ಣು, ಮೂಗು, ಹಲ್ಲಿನ ಲಕ್ಷಣ ಇದ್ದವರು ಮಾತ್ರ ಫೋನಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೇ ಹೋಗಬೇಕು.