ಅಭಿಮಾನಿಗಳೇ ಪುಸ್ತಕ ಹಂಚಿಬಿಟ್ಟರೆ ಯಾರ ಮೇಲೆ ದೂರು?

ಪ್ರಶ್ನೆ: ನಮ್ಮ ತಂದೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಮ್ಮ ಕಡೆಯ ಹಟ್ಟಿಗಳ ಬದುಕಿನ ಮೇಲೆ ಒಂದು ಕಾದಂಬರಿ ಬರೆದು, ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದರು. ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಪದಗಳೂ ನಡುನಡುವೆ ಇವೆ. ಯಾರೋ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿದ್ದಾರೆ. ಪಿಡಿಎಫ್ ಈಗ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ, ಟೆಲಿಗ್ರಾಂನಲ್ಲಿ ಓಡಾಡುತ್ತಿದೆ. ಚಳ್ಳಕೆರೆಯ ಹುಡುಗನೊಬ್ಬ ಅಧ್ಯಾಯಕ್ಕೊಂದರಂತೆ ಓದಿ ಯೂಟ್ಯೂಬಿಗೆ ಹಾಕುತ್ತಿದ್ದಾನೆ. ಪುಸ್ತಕದ ಕಟ್ಟುಗಳು ಮನೆಯಲ್ಲೇ ಕೂತಿವೆ. "ಮೇಷ್ಟ್ರೇ, ಫೋನಲ್ಲೇ ಓದಿದೆ, ಕಣ್ಣಲ್ಲಿ ನೀರು ಬಂತು" ಎಂದು ಸಂತೆಯಲ್ಲಿ ಸಿಕ್ಕವರು ಹೇಳಿದರೆ ಅಪ್ಪ ನಗುತ್ತಾರೆ. ಮನೆಗೆ ಬಂದ ಮೇಲೆ ಮಾತಿಲ್ಲ. ಅಣ್ಣ ಪೊಲೀಸ್ ಕಂಪ್ಲೇಂಟ್ ಕೊಡೋಣ ಎನ್ನುತ್ತಾನೆ. ಓದಿದವರ ಮೇಲೆಯೇ ಕೇಸು ಹಾಕುವುದೇ ಎನ್ನುತ್ತಾರೆ ಅಪ್ಪ. ಏನು ಮಾಡಲಿ?

ಉತ್ತರ: ತಂಗೀ, ಮೊದಲು ನಿಮ್ಮ ತಂದೆಯವರಿಗೆ ಒಂದು ಮಾತು ಹೇಳಿ. ಅವರ ನೋವು ದುರಾಸೆಯಲ್ಲ. ಬರೆದವರಿಗೆ ಬರಬೇಕಾದದ್ದು ಬರಲಿಲ್ಲ ಎಂಬ ನ್ಯಾಯವಾದ ನೋವು ಅದು.

ಕಾನೂನು ಅವರ ಕಡೆಗೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಲೇಖಕರದು. ನೋಂದಣಿ ಕಡ್ಡಾಯವಲ್ಲ. ಆದರೂ 500 ರೂಪಾಯಿ ಶುಲ್ಕ ಕಟ್ಟಿ ನೋಂದಾಯಿಸಿಕೊಂಡರೆ ಮುಂದೆ ಸಾಕ್ಷಿಗೆ ಬಲ ಬರುತ್ತದೆ. ಹಸ್ತಪ್ರತಿ, ಪ್ರೆಸ್ಸಿನ ಬಿಲ್ಲು ಜೋಪಾನ ಮಾಡಿ. ಅನುಮತಿ ಇಲ್ಲದೆ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವುದೂ, ಧ್ವನಿಯಲ್ಲಿ ಓದಿ ಸಾರ್ವಜನಿಕವಾಗಿ ಹಾಕುವುದೂ ಉಲ್ಲಂಘನೆಯೇ. ಹೊದಿಕೆ ಕಿತ್ತು ಲೇಖಕರ ಹೆಸರು ಅಳಿಸಿದ್ದರೆ ಅದು ಇನ್ನೊಂದು ತಪ್ಪು.

ಹಳೆಯ ಪುಸ್ತಕವನ್ನು ಯಾರು ಬೇಕಾದರೂ ಹಂಚಬಹುದು ಎಂಬ ನಂಬಿಕೆ ನಮ್ಮಲ್ಲಿ ಬಹಳ. ತಳುಕಿನ ಸಾಹಿತಿಗಳ ಮನೆತನವನ್ನೇ ನೋಡಿ. ಟಿ.ಎಸ್. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಅವರ ಬರಹಗಳ ಹಕ್ಕಿನ ಅವಧಿ ಮುಗಿದಿದೆ. ಅದೇ ಮನೆತನದ ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುವುದರಿಂದ ಅವರ ಕಾದಂಬರಿ 'ದುರ್ಗಾಸ್ತಮಾನ'ದ ಮೇಲಿನ ಹಕ್ಕು 2044ರ ಕೊನೆಯವರೆಗೂ ಇದೆ.

ಪುಸ್ತಕದಲ್ಲಿರುವ ಜನಪದ ಹಾಡುಗಳ ವಿಷಯ ಬೇರೆ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯಂಥವರು ಸಾವಿರಾರು ಪದಗಳನ್ನು ಕಂಠದಲ್ಲೇ ಉಳಿಸಿಕೊಂಡು ಬಂದ ನೆಲ ನಿಮ್ಮದು. ತಲೆಮಾರುಗಳಿಂದ ಹಾಡಿಕೊಂಡು ಬಂದ ಪದ ಬರೆದುಕೊಂಡವರ ಸ್ವತ್ತಾಗುವುದಿಲ್ಲ. ಕಥೆ, ನಿರೂಪಣೆ, ಟಿಪ್ಪಣಿಗಳ ಹಕ್ಕು ಮಾತ್ರ ತಂದೆಯವರದು. ದೂರು ಬರೆಯುವಾಗ ಇದನ್ನು ಬೇರ್ಪಡಿಸಿಯೇ ಬರೆಯಿರಿ.

ಇಷ್ಟೆಲ್ಲ ಹಕ್ಕಿದ್ದೂ ಅದನ್ನು ಜಾರಿಗೆ ತರುವುದು ಯಾಕೆ ಇಷ್ಟು ಕಷ್ಟ? ವಾಟ್ಸ್‌ಆ್ಯಪ್ ಸಂದೇಶದ ಒಳಗೆ ಏನಿದೆ ಎಂದು ಆ ಕಂಪನಿಯೂ ನೋಡಲಾರದು. ಟೆಲಿಗ್ರಾಂನಲ್ಲಿ ಒಂದು ಚಾನೆಲ್ ಮುಚ್ಚಿಸಿದರೆ ಹೆಸರು ತುಸು ಬದಲಿಸಿಕೊಂಡು ಮತ್ತೊಂದು ಹುಟ್ಟುತ್ತದೆ. ತಮ್ಮ ಪಾಠದ ವಿಡಿಯೊ, ಪುಸ್ತಕಗಳು ಹೀಗೆ ಸೋರಿಹೋದಾಗ ಶಿಕ್ಷಕಿಯೊಬ್ಬರು ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಚಾನೆಲ್ ನಡೆಸುವವರ ವಿವರ ಕೊಡಿ ಎಂದು 2022ರ ಆಗಸ್ಟಿನಲ್ಲಿ ನ್ಯಾಯಾಲಯ ಟೆಲಿಗ್ರಾಂಗೆ ಆದೇಶಿಸಿತು. ಆ ಹೋರಾಟಕ್ಕೆ ಬೇಕಾಗುವ ಹಣ, ಕಾಲ ಎಲ್ಲ ಲೇಖಕರ ಬಳಿ ಇರುವುದಿಲ್ಲ. 2013ರ ಕೃತಿಸ್ವಾಮ್ಯ ನಿಯಮಗಳಂತೆ ಲಿಖಿತ ದೂರು ತಲುಪಿದ 36 ಗಂಟೆಗಳೊಳಗೆ ತಾಣದವರು ಆ ಪ್ರತಿಯನ್ನು ತಡೆಹಿಡಿಯಬೇಕು. ಆದರೆ 21 ದಿನಗಳಲ್ಲಿ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು.

ಅಣ್ಣನ ದಾರಿಯೂ ತೆರೆದೇ ಇದೆ. ಗೊತ್ತಿದ್ದೂ ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡವಿದೆ. ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದಾದ ಅಪರಾಧವಿದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಲಾಭಕ್ಕಾಗಿ ಮಾಡದವರಿಗೆ ನ್ಯಾಯಾಲಯ ಶಿಕ್ಷೆ ಇಳಿಸಬಹುದು ಎಂದು ಕಾಯ್ದೆಯ ಅದೇ ಶಿಕ್ಷೆಯ ಕಲಮು ಹೇಳುತ್ತದೆ. ಅಂದರೆ ಪ್ರೀತಿಯಿಂದ ಹಂಚಿದವರಿಗೂ ದುಡ್ಡಿಗಾಗಿ ಕದ್ದವರಿಗೂ ಕಾನೂನೇ ಭೇದ ಮಾಡಿದೆ. ನೀವೂ ಮಾಡಿ. ಇಲ್ಲದಿದ್ದರೆ ಮೊದಲು ಸಿಕ್ಕಿಬೀಳುವುದು ಫಾರ್ವರ್ಡ್ ಮಾಡಿದ ಯಾವನೋ ಡಿಗ್ರಿ ಹುಡುಗ. ಸ್ಕ್ಯಾನ್ ಮಾಡಿದವನು ತಪ್ಪಿಸಿಕೊಂಡಿರುತ್ತಾನೆ.

ಗ್ರೂಪುಗಳಲ್ಲಿ ಹಂಚಿದವರಿಗೆ ತಂದೆಯವರ ಹೆಸರಿನಲ್ಲೇ ಒಂದು ಸಂದೇಶ ಕಳಿಸಿ: ಓದಿದ್ದಕ್ಕೆ ಸಂತೋಷ, ಇನ್ನು ಹಂಚಬೇಡಿ, ಪ್ರತಿ ಬೇಕಾದವರು ಈ ನಂಬರಿಗೆ ಫೋನ್ ಮಾಡಿ ಎಂದಿರಲಿ. ಬೆಲೆಯನ್ನೂ, ಹಣ ಕಳಿಸುವ ಕ್ಯೂಆರ್ ಕೋಡನ್ನೂ ಜೊತೆಗೇ ಹಾಕಿ. ಎಲ್ಲಿ ಸಿಗುತ್ತದೆ ಎಂದು ಗೊತ್ತಿಲ್ಲದೆ ಪಿಡಿಎಫ್ ಹಿಡಿದವರು ಬಹಳ ಮಂದಿ. ಇ-ಪುಸ್ತಕವನ್ನೂ ಮಾಡಿಸಿ, ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕ ಮಾರುವ ಮೈಲ್ಯಾಂಗ್‌ನಂಥ ತಾಣಗಳಿವೆ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದ್ದರೂ ಆ ಕಾಗದವೊಂದೇ ನಕಲನ್ನು ತಡೆಯದು; ಅಸಲು ಎಲ್ಲಿ ಸಿಗುತ್ತದೆಂದು ಕೊಳ್ಳುವವರಿಗೆ ತಿಳಿದಿರಬೇಕು. ಪುಸ್ತಕಕ್ಕೂ ಅದೇ ಮಾತು.

ಚಳ್ಳಕೆರೆಯ ಹುಡುಗನನ್ನು ಮನೆಗೆ ಕರೆಸಿ. ಚೆನ್ನಾಗಿ ಓದುತ್ತಾನಾದರೆ ಷರತ್ತು ಹಾಕಿ ಒಪ್ಪಿಗೆ ಕೊಡಬಹುದು: ಕೆಲವೇ ಅಧ್ಯಾಯ, ಪ್ರತಿ ವಿಡಿಯೊದಲ್ಲೂ ಲೇಖಕರ ಹೆಸರು, ಪುಸ್ತಕ ಸಿಗುವ ವಿಳಾಸ, ಜಾಹೀರಾತಿನ ಹಣ ಬಂದರೆ ಅದರಲ್ಲಿ ಪಾಲು. ಇದು ಬಾಯಿಮಾತಾಗಬಾರದು, ಬರವಣಿಗೆಯಲ್ಲಿ ಸಹಿಯೊಂದಿಗೆ ಇರಬೇಕು. ಒಪ್ಪದಿದ್ದರೆ ಯೂಟ್ಯೂಬಿನ ಕೃತಿಸ್ವಾಮ್ಯ ದೂರಿನ ಫಾರಂ ತುಂಬಿ. 90 ದಿನಗಳಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಅವನ ಚಾನೆಲ್ಲೇ ಹೋಗಬಹುದು. ಅದನ್ನು ಮೊದಲೇ ತಿಳಿಸಿ ಹೇಳಿ.

ಪಿಡಿಎಫ್ ಮಾರಿ ದುಡ್ಡು ಮಾಡುವವರಿಗೆ, ಹೆಸರು ಅಳಿಸಿದವರಿಗೆ ಮಾತ್ರ ದಾಕ್ಷಿಣ್ಯ ಬೇಡ. ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ಕೂಡಿಡಿ. ಲೇಖಕರು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಲು ಕಾಯ್ದೆಯಲ್ಲಿ ಅವಕಾಶವಿದೆ. ಚಿತ್ರದುರ್ಗದ ನ್ಯಾಯಾಲಯ ಸಾಕು, ದೂರದೂರಿಗೆ ಅಲೆಯಬೇಕಿಲ್ಲ.

ಹೊರಗೆ ಹೋದ ಪ್ರತಿಗಳನ್ನೆಲ್ಲ ವಾಪಸು ತರಲು ಆಗುವುದಿಲ್ಲ. ಅದನ್ನು ಒಪ್ಪಿಕೊಂಡರೆ ಮನಸ್ಸು ಹಗುರಾಗಿ ಮುಂದಿನ ಕೆಲಸಕ್ಕೆ ಕೈ ಹಚ್ಚಬಹುದು. ತಂದೆಯವರಿಗೆ ಓದುಗರಿದ್ದಾರೆ ಎಂಬುದಂತೂ ಖಾತ್ರಿಯಾಯಿತು. ಆ ಓದುಗರನ್ನು ಕೊಳ್ಳುವವರನ್ನಾಗಿ ಮಾಡುವುದೇ ಈಗಿನ ಕೆಲಸ.

ಈ ಅಂಕಣ ಓದುತ್ತಿರುವ ಎಲ್ಲರಲ್ಲೂ ಒಂದು ಕೋರಿಕೆ. ನಿಮ್ಮ ಫೋನಿನಲ್ಲಿ ಅನುಮತಿಯಿಲ್ಲದ ಕನ್ನಡ ಪುಸ್ತಕವಿದ್ದು, ಓದಿ ಮೆಚ್ಚಿದ್ದರೆ, ಇನ್ನೊಬ್ಬರಿಗೆ ಕಳಿಸಬೇಡಿ. ಲೇಖಕರಿಂದ ಒಂದು ಪ್ರತಿ ಕೊಂಡು ಅದನ್ನು ಕೈಗೆ ಕೊಡಿ.