ಕೋಡಿಯ ಗರುಡ

ಸಾಸ್ತಾನ ಪೇಟೆಯಿಂದ ಪಡು ದಿಕ್ಕಿಗೆ ಹೋದರೆ ಕೋಡಿ. ಅಲ್ಲಿ ಮೀನಿನ ದೋಣಿ ಬಂದರೆ ಮೇಲೆ ಗರುಡ ಸುತ್ತುತ್ತದೆ. ಅದರ ರೆಕ್ಕೆ ಕೆಂಪು ಕಂದು. ತಲೆ, ಎದೆ ಬಿಳಿ. ಮೀನು, ಏಡಿ ಅದರ ಆಹಾರ.

ಒಂದು ಬೆಳಿಗ್ಗೆ ಮಾಣಿ ಓಡಿ ಬಂದ.

"ಅಮ್ಮಾ, ಗರುಡ ಬಿದ್ದಿತ್!"

ಅಮ್ಮ, ಅಜ್ಜಿ ಇಬ್ಬರೂ ಓಡಿದರು. ಗರುಡ ಮರಳಿನಲ್ಲಿ ಬಿದ್ದಿತ್ತು. ಒಂದು ರೆಕ್ಕೆ ಜೋತುಬಿದ್ದಿತ್ತು. ಕಾಲಿಗೆ ಹಳೆ ನೈಲಾನ್ ಬಲೆ ಸುತ್ತಿತ್ತು. ಕಾಗೆಗಳು ಕುಕ್ಕುತ್ತಿದ್ದವು.

"ಪಾಪ, ದೇವ್ರ ಹಕ್ಕಿ! ಬಾಯಿಗೆ ನೀರ್ ಬಿಡು" ಎಂದರು ಅಜ್ಜಿ.

"ಬ್ಯಾಡ ಅತ್ತೆ. ಅದ್ರ ನಾಲಿಗೆ ಬುಡದಲ್ಲೇ ಉಸಿರಿನ ದಾರಿ ಇತ್ತ್. ನೀರ್ ಅಲ್ಲಿಗೆ ಹೋದ್ರೆ ಹಕ್ಕಿ ಉಳಿಯೂದಿಲ್ಲ" ಎಂದರು ಅಮ್ಮ.

ಅಮ್ಮ ಕಾಗೆಗಳನ್ನು ಓಡಿಸಿದರು. ಮಾಣಿಯಿಂದ ರಟ್ಟಿನ ಪೆಟ್ಟಿಗೆ ತರಿಸಿದರು. ಗಾಳಿಗೆ ತೂತು ಮಾಡಿದರು. ಒಳಗೆ ಹಳೆ ಬಟ್ಟೆ ಹಾಸಿದರು. ದಪ್ಪ ಬೈರಾಸನ್ನು ಹಕ್ಕಿಯ ತಲೆ, ಮೈ ಮೇಲೆ ಹಾಕಿದರು. ಕತ್ತಲಾದರೆ ಹಕ್ಕಿಯ ಹೆದರಿಕೆ ಕಡಿಮೆ. ಗರುಡನ ಉಗುರು ಬಲು ಹರಿತ. ಅದಕ್ಕೆ ಕಾಲು ಜೋಪಾನವಾಗಿ ಹಿಡಿದು ಎತ್ತಿದರು. ನೇತಾಡುವ ಬಲೆಯನ್ನು ಮಾತ್ರ ಕತ್ತರಿಸಿದರು. ಬಿಗಿದ ಬಲೆಯನ್ನು ಎಳೆಯಲಿಲ್ಲ. ಎಳೆದರೆ ಗಾಯ ದೊಡ್ಡದಾಗುತ್ತದೆ.

"ನಾವೇ ಸಾಕುವ ಅಮ್ಮ" ಎಂದ ಮಾಣಿ.

"ಸಾಕೂಕ್ ಆಗ ಮಗಾ. 1972ರ ವನ್ಯಜೀವಿ ಕಾಯ್ದೆ ಇತ್ತ್. ಗರುಡನ್ನ ಮನೇಲಿ ಇಟ್ಕಂಡ್ರೆ ಅಪರಾಧ. ಮುರಿದ ರೆಕ್ಕೆ ಕಟ್ಟೂಕೆ ನಮಗೆ ಬತ್ತಾ? ಅದಕ್ಕೆ ಡಾಕ್ಟರೇ ಬೇಕ್."

ಅರಣ್ಯ ಇಲಾಖೆಯ ಸಹಾಯವಾಣಿ 1926. ಅಕ್ಷರ ಕಲಿತ ಮೇಲೆ ಅಮ್ಮ ಇದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರು. ಅದಕ್ಕೆ ಫೋನು ಮಾಡಿದರು. ಹಕ್ಕಿ ಸಿಕ್ಕಿದ ಜಾಗ, ಹೊತ್ತು ಎರಡನ್ನೂ ಪೆಟ್ಟಿಗೆಯ ಮೇಲೆ ಬರೆದರು. ಸೋಪು ಹಾಕಿ ಕೈ ತೊಳೆದರು.

ಇಲಾಖೆಯವರು ಬಂದರು. ಗರುಡನನ್ನು ಪಶು ವೈದ್ಯರ ಹತ್ತಿರ ಒಯ್ದರು.

"ಅದು ಬದುಕ್ತಾ ಅಮ್ಮ?"

"ಹೇಳೂಕ್ ಆಗ. ಮತ್ತೊಂದು ಗರುಡ ಬೀಳ್ದಂಗೆ ಮಾಡೂಕ್ ಆತ್ತ್. ಬಾ."

ಮೂವರೂ ಕಡಲ ಬದಿಗೆ ಹೋದರು. ಬಿದ್ದಿದ್ದ ಬಲೆಯ ತುಂಡುಗಳನ್ನು ಹೆಕ್ಕಿ ಚೀಲ ತುಂಬಿಸಿದರು.

ನೆನಪಿಡಿ

1. ಗಾಯದ ಹಕ್ಕಿಗೆ ನೀರು, ಹಾಲು, ಅನ್ನ ಹಾಕಬೇಡಿ.
2. ಪೆಟ್ಟಿಗೆಯನ್ನು ನೆರಳಿನಲ್ಲಿ, ಸದ್ದಿಲ್ಲದ ಕಡೆ ಇಡಿ. ಪದೇ ಪದೇ ತೆರೆದು ನೋಡಬೇಡಿ.
3. ಗಾಯವಿಲ್ಲದ ಮರಿ ಗೂಡಿನಿಂದ ಬಿದ್ದರೆ ಗೂಡಿಗೇ ಇಡಿ. ತಾಯಿ ಬರುತ್ತದೆ.
4. ಒಂದೇ ಕಡೆ ಹಲವು ಹಕ್ಕಿ ಸತ್ತಿದ್ದರೆ ಮುಟ್ಟಬೇಡಿ. ಹಕ್ಕಿಜ್ವರ ಇರಬಹುದು. ಕೂಡಲೇ ತಿಳಿಸಿ.

ಮಾತಾಡೋಣ

ನಿಮ್ಮೂರಿನಲ್ಲಿ ಹಕ್ಕಿಗಳಿಗೆ ಯಾವುದರಿಂದ ಗಾಯ ಆಗುತ್ತದೆ? ಅದನ್ನು ತಡೆಯಲು ನೀವು ಏನು ಮಾಡಬಹುದು?

ಬರೆಯಿರಿ

ಗರುಡ, ರೆಕ್ಕೆ, ಬಲೆ, ಪೆಟ್ಟಿಗೆ, 1926